ಪಾರಿಜಾತ ನೆಟ್ಟವರು: ಘಟಪ್ರಭೆಯ ದಂಡೆಯ ಕಲಾವಿದರ ನೆನಪು

ಸನ್ಮಾನ ಸಮಾರಂಭವೊಂದನ್ನು ನೀವು ಖಂಡಿತವಾಗಿಯೂ ಕಂಡಿರುತ್ತೀರಿ. ವೇದಿಕೆಯ ಮೇಲೆ ಸಾಲು ಕುರ್ಚಿಗಳು, ಅವುಗಳ ಹಿಂದೆ ಬಣ್ಣದ ಪರದೆ. ಒಂದು ಬದಿಯ ಕುರ್ಚಿಯಲ್ಲಿ ಹಳೆಯ ರುಮಾಲಿನ ವೃದ್ಧರೊಬ್ಬರು ಮೈ ಹಿಡಿಮಾಡಿಕೊಂಡು ಕುಳಿತಿರುತ್ತಾರೆ. ಹೆಸರು ಕರೆದಾಗ ಎದ್ದು ಬರುತ್ತಾರೆ. ಅವರ ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ ಬರುತ್ತದೆ. ಛಾಯಾಚಿತ್ರಗಾರ ಎಲ್ಲರನ್ನೂ ಒತ್ತಟ್ಟಿಗೆ ನಿಲ್ಲಿಸುತ್ತಾನೆ. ಅನಂತರ ಅತಿಥಿಗಳ ಭಾಷಣ ಮುಂದುವರಿಯುತ್ತದೆ. ಆ ವೃದ್ಧರು ಜೀವಮಾನವಿಡೀ ಹಾಡಿದ ಹಾಡಿನ ಒಂದು ನುಡಿಯನ್ನೂ ಅಂದಿನ ಸಭೆ ಕೇಳಿರುವುದಿಲ್ಲ. ಗೋಕಾಕದ ಕಡೆಯ ಹಿರಿಯ ಬಯಲಾಟದ ಕಲಾವಿದರೊಬ್ಬರು ಒಮ್ಮೆ ನನ್ನೊಡನೆ ಮಾತನಾಡುತ್ತ, ಶಾಲು ಹೊದಿಸುವವರು ಬಹಳ ಮಂದಿ ಇದ್ದಾರೆ, ಆಟ ಹಚ್ಚುವವರೇ ಇಲ್ಲವೆಂದು ಹೇಳಿ ನಕ್ಕರು. ಆ ನಗೆಯನ್ನು ನಾನು ಬಹುಕಾಲ ಮರೆಯಲಾರದೆ ಹೋದೆ. ಈ ಬರಹಕ್ಕೆ ಅದೇ ಕಾರಣವೆಂದರೂ ಸರಿ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ಊರುಗಳ ಹೆಸರನ್ನು ಒಟ್ಟಿಗೆ ಹೇಳಿದರೆ ನಮ್ಮಲ್ಲಿ ಅನೇಕರಿಗೆ ಕಬ್ಬು, ಸಕ್ಕರೆ ಕಾರ್ಖಾನೆ, ಚುನಾವಣೆ ಮತ್ತು ಕರದಂಟು ನೆನಪಾಗುತ್ತವೆ. ಮೂಡಲಗಿಯೆಂದರೆ ದನದ ಸಂತೆ. ಇದು ಇತ್ತೀಚಿನವರೆಗೂ ಗೋಕಾಕ ತಾಲ್ಲೂಕಿನೊಳಗೇ ಇದ್ದು ಈಚೆಗೆ ಸ್ವತಂತ್ರ ತಾಲ್ಲೂಕಾಯಿತು. ಆದ್ದರಿಂದ ಹಳೆಯ ಕಲಾವಿದರ ವಿಷಯ ಬಂದಾಗ ಗೋಕಾಕ ತಾಲ್ಲೂಕೆಂದು ಪುಸ್ತಕಗಳಲ್ಲಿ ಇರುವ ಕೆಲವು ಊರುಗಳು ಇಂದು ಮೂಡಲಗಿಗೆ ಸೇರಿವೆ ಎಂಬುದನ್ನು ನೀವು ಗಮನದಲ್ಲಿಡಬೇಕು. ಈ ಮೂರನ್ನೂ ಬೆಸೆದಿರುವುದು ಘಟಪ್ರಭಾ ನದಿ. ಪಶ್ಚಿಮಘಟ್ಟದಲ್ಲಿ ಹುಟ್ಟಿ ಹುಕ್ಕೇರಿ ಸೀಮೆಯನ್ನು ಹಾದು, ಹಿಡಕಲ್ ಜಲಾಶಯದಲ್ಲಿ ನಿಂತು, ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಗೋಕಾಕದ ಬಳಿ 52 ಮೀಟರ್ ಆಳಕ್ಕೆ ಧುಮುಕಿ, ಮಾರ್ಕಂಡೇಯವನ್ನು ಸೇರಿಸಿಕೊಂಡು ಅದು ಮೂಡಣಕ್ಕೆ ಹರಿಯುತ್ತದೆ. ಆಷಾಢ, ಶ್ರಾವಣಗಳಲ್ಲಿ ಗೋಕಾಕದ ಜಲಪಾತವನ್ನು ಕಂಡವರು ಅದೇ ಸ್ಥಳವನ್ನು ಚೈತ್ರದಲ್ಲಿ ಕಂಡರೆ ಬೆರಗಾಗುತ್ತಾರೆ. ಬಂಡೆಯ ಮೇಲೆ ನೀರಿನ ಒಂದೆರಡು ಎಳೆಗಳು ಮಾತ್ರ ಉಳಿದಿರುತ್ತವೆ. ತುಂಬಿಬರುವುದು, ಬತ್ತಿಹೋಗುವುದು, ಇವೆರಡರ ನಡುವೆಯೇ ಇಲ್ಲಿನ ಜನರ ಬದುಕೂ ಅವರ ಕಲೆಯೂ ರೂಪಗೊಂಡಿವೆ.

ಈ ನದಿಯ ಸೀಮೆ ಕನ್ನಡ ನಾಡಿಗೆ ಕೊಟ್ಟ ಅತಿ ದೊಡ್ಡ ಕಾಣಿಕೆ ಯಾವುದೆಂದು ಕೇಳಿದರೆ, ನನ್ನ ಉತ್ತರ ಶ್ರೀಕೃಷ್ಣ ಪಾರಿಜಾತ. ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟ, ಸಣ್ಣಾಟ ಎಂಬ ಎರಡು ಬಗೆಗಳಿವೆ. ಭಾರಿ ಕಿರೀಟ, ಭುಜಕೀರ್ತಿ, ಯುದ್ಧದ ಕುಣಿತಗಳಿರುವುದು ದೊಡ್ಡಾಟ. ಸರಳ ವೇಷದಲ್ಲಿ, ಮನೆಮಾತಿನಲ್ಲಿ ನಡೆಯುವುದು ಸಣ್ಣಾಟ. ಪಾರಿಜಾತವನ್ನು ಸಣ್ಣಾಟದ ಸಾಲಿಗೆ ಸೇರಿಸುತ್ತಾರೆ. ಕಥೆ ಪುರಾಣದ್ದಾದರೂ ಮಾತು ಗೋಕಾಕ ಸೀಮೆಯ ಮನೆಯಂಗಳದ್ದು. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ ಎಂಬ ಕವಿ ಈ ಕಥೆಯನ್ನು ಹಾಡುಗಳಾಗಿ ಕಟ್ಟಿದನೆಂದೂ, ಕುಲಗೋಡದ ತಮ್ಮಣ್ಣ ಅದನ್ನು ತಿದ್ದಿ, ಬೆಳೆಸಿ, ರಂಗಕ್ಕೆ ಅಳವಡಿಸಿ ಜನರ ನಡುವೆ ಹರಡಿದನೆಂದೂ ವಿದ್ವಾಂಸರು ಹೇಳುತ್ತಾರೆ. ಕುಲಗೋಡವು ಇಂದಿನ ಮೂಡಲಗಿ ತಾಲ್ಲೂಕಿನ ಗ್ರಾಮ. ಇಬ್ಬರು ತಮ್ಮಣ್ಣರಲ್ಲಿ ಯಾರ ಪಾಲು ಎಷ್ಟು ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಒಂದೇ ಹೆಸರಿನ ಇಬ್ಬರು, ಒಬ್ಬನು ಬರೆದದ್ದನ್ನು ಇನ್ನೊಬ್ಬನು ಬೆಳೆಸಿದನೆಂಬುದು ನನಗೆ ಚೆಂದವಾಗಿ ಕಾಣುತ್ತದೆ. ಜನಪದ ಕಲೆಯಲ್ಲಿ ‘ನನ್ನದು’ ಎಂಬ ಮಾತು ಅಷ್ಟು ಬೇಗ ಬರುವುದಿಲ್ಲ.

ಆಟದ ಕಥೆ ನಿಮಗೆ ತಿಳಿದಿರಬಹುದು. ನಾರದನು ದೇವಲೋಕದ ಒಂದು ಪಾರಿಜಾತ ಪುಷ್ಪವನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಒಂದು ಹೂವಿನಿಂದ ಒಂದು ಮನೆ ಎರಡಾಗುತ್ತದೆ. ಮುಂದಿನದೆಲ್ಲ ಆ ಮನೆಯನ್ನು ಮತ್ತೆ ಒಂದು ಮಾಡುವ ಯತ್ನವೇ. ಭಾಗವತನೇ ದೂತಿಯಾಗಿ ಸತ್ಯಭಾಮೆಯ ಅರಮನೆಗೂ ಕೃಷ್ಣನ ಬಳಿಗೂ ಓಡಾಡುತ್ತಾನೆ, ಛೇಡಿಸುತ್ತಾನೆ, ನಗಿಸುತ್ತಾನೆ, ಸತ್ಯಭಾಮೆಯ ಗರ್ವವನ್ನು ಚುಚ್ಚುತ್ತಾನೆ. ಕೃಷ್ಣನೂ ಕೊರವಂಜಿಯ ವೇಷ ತೊಟ್ಟು ಬರುತ್ತಾನೆ. ದ್ವಾರಕೆಯ ಒಡೆಯನು ಬುಟ್ಟಿ ಹೊತ್ತ ಅಲೆಮಾರಿ ಹೆಂಗಸಾಗಿ, ಹೆಂಡತಿಯ ಬಾಗಿಲಲ್ಲಿ ನಿಂತು ಕಣಿ ಹೇಳುವ ಈ ದೃಶ್ಯವನ್ನು ಬೆಳಗಿನ ಜಾವದವರೆಗೆ ಕಾದು ಕುಳಿತು ನೋಡುವ ಜನ ಇದ್ದರು. ಸಿರಿವಂತನೂ ಬಡವನೂ, ಗೌಡನೂ ಆಳೂ ಒಂದೇ ಬಯಲಲ್ಲಿ ಕುಳಿತು, ಒಡೆಯನು ಕೆಳಗಿಳಿದು ಬರುವುದನ್ನು ಕಂಡು ನಗುತ್ತಿದ್ದರು. ಕೊನೆಗೆ ಕೃಷ್ಣನು ಇಂದ್ರನ ತೋಟದಿಂದ ಪಾರಿಜಾತದ ವೃಕ್ಷವನ್ನೇ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಡುತ್ತಾನೆಂಬುದು ಪುರಾಣದ ಮುಕ್ತಾಯ. ಕಿತ್ತ ಹೂವು ಜಗಳ ತಂದಿತು, ನೆಟ್ಟ ಗಿಡ ಅದನ್ನು ನಿಲ್ಲಿಸಿತು. ಅಂಗಳದಲ್ಲಿ ಗಿಡ ನೆಡುವ ವಿಚಾರವನ್ನು ನಮ್ಮ ಹಿರಿಯರು ಎಷ್ಟು ಹಿಂದೆಯೇ, ಎಷ್ಟು ನಗುನಗುತ್ತ ಹೇಳಿಟ್ಟಿದ್ದಾರೆ ನೋಡಿ.

ಇಲ್ಲಿ ಒಂದು ಪಾಶ್ಚಾತ್ಯ ಪ್ರಸಂಗ ನೆನಪಿಗೆ ಬರುತ್ತದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1225ರ ಸುಮಾರಿಗೆ ಕಣ್ಣುಬೇನೆಯಿಂದ ಬಳಲುತ್ತ ಮಲಗಿದ್ದಾಗ, ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಕರೆದು ಒಂದು ಹಾಡು ಕಟ್ಟಿದರೆಂಬುದು ನಿಮಗೆಲ್ಲ ತಿಳಿದ ವಿಷಯ. ಅದೇ ಹಾಡಿನ ಇನ್ನೊಂದು ಕಥೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆಗ ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರದ ಮುಖ್ಯಾಧಿಕಾರಿಗೂ ಘೋರ ವೈಮನಸ್ಸು ಬೆಳೆದಿತ್ತು. ಧರ್ಮಾಧ್ಯಕ್ಷರು ಅಧಿಕಾರಿಯನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಧರ್ಮಾಧ್ಯಕ್ಷರೊಡನೆ ಯಾರೂ ಕೊಡುಕೊಳ್ಳುವ ವ್ಯವಹಾರ ಮಾಡಬಾರದೆಂದು ಅಧಿಕಾರಿ ಡಂಗುರ ಹೊಡೆಸಿದನು. ಹಾಸಿಗೆ ಹಿಡಿದಿದ್ದ ಫ್ರಾನ್ಸಿಸರು ಉಪದೇಶಕ್ಕೆ ಹೋಗಲಿಲ್ಲ, ಪತ್ರ ಬರೆಯಲಿಲ್ಲ. ತಮ್ಮ ಹಾಡಿಗೆ ಕ್ಷಮೆಯನ್ನು ಕುರಿತ ಒಂದು ನುಡಿಯನ್ನು ಸೇರಿಸಿ, ಸಹೋದರರನ್ನು ಕಳುಹಿಸಿ, ಇಬ್ಬರನ್ನೂ ಒಂದೆಡೆ ಕೂಡಿಸಿ ಹಾಡಿಸಿದರು. ಹಾಡು ಮುಗಿಯುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರೆಂದು ಅವರ ಸಂಗಡಿಗರು ಬರೆದಿಟ್ಟಿದ್ದಾರೆ. ಸೃಷ್ಟಿಯನ್ನು ಹಾಡಿದ ಹಾಡೇ ಊರಿನ ಜಗಳವನ್ನೂ ಬಿಡಿಸಿತು. 2015ರಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಪರಿಸರವನ್ನು ಕುರಿತು ಹೊರಡಿಸಿದ ವಿಶ್ವಪತ್ರಕ್ಕೆ ಆ ಹಾಡಿನಿಂದಲೇ ಹೆಸರನ್ನು ಆಯ್ದುಕೊಂಡರು. ಅಸ್ಸಿಸಿಯಲ್ಲಿ ಸಹೋದರರು ಮಾಡಿದ ಕೆಲಸಕ್ಕೂ ಕುಲಗೋಡದ ಬಯಲಲ್ಲಿ ಭಾಗವತನು ಮಾಡುತ್ತಿದ್ದ ಕೆಲಸಕ್ಕೂ ಬಹಳ ದೂರವಿಲ್ಲವೆಂದು ನನಗೆ ತೋರುತ್ತದೆ.

ಆದರೆ ಪಾರಿಜಾತದ ಚರಿತ್ರೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇನ್ನೊಂದು ಹೆಸರಿನ ಬಳಿ. ಆಕೆ ಕೌಜಲಗಿ ನಿಂಗಮ್ಮ. ಆಗಿನ ಗೋಕಾಕ ತಾಲ್ಲೂಕಿನ ಕೌಜಲಗಿಯವಳು. ಬಯಲಾಟವೆಂದರೆ ಗಂಡಸರ ಲೋಕ. ರುಕ್ಮಿಣಿಯೂ ಗಂಡಸು, ಸತ್ಯಭಾಮೆಯೂ ಗಂಡಸು. ಮೀಸೆ ಬೋಳಿಸಿ, ಸೀರೆಯುಟ್ಟು, ಕೊರಳನ್ನು ಸಣ್ಣದು ಮಾಡಿ ಹಾಡಬೇಕು. ಅಂಥ ಲೋಕಕ್ಕೆ ಒಬ್ಬ ಹೆಣ್ಣುಮಗಳು ಕಾಲಿಟ್ಟಳು. ಕಾಲಿಟ್ಟದ್ದು ಮಾತ್ರವಲ್ಲ, ತನ್ನದೇ ಒಂದು ಮೇಳವನ್ನು ಕಟ್ಟಿ, ಅದರ ಯಜಮಾನಿಕೆಯನ್ನು ತಾನೇ ವಹಿಸಿ, ಉತ್ತರ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಆಟ ಆಡಿದಳು. ಪಾರಿಜಾತವೆಂದರೆ ನಿಂಗಮ್ಮ ಎನ್ನುವಷ್ಟು ಆಕೆಯ ಹೆಸರು ಹಬ್ಬಿತು.

ಇದನ್ನು ಇಂದು ಎರಡು ಸಾಲಿನಲ್ಲಿ ಬರೆಯುವುದು ಸುಲಭ. ಆ ಕಾಲದಲ್ಲಿ ಅದು ಏನಾಗಿತ್ತೆಂಬುದನ್ನು ನೀವು ಒಂದು ಗಳಿಗೆ ಯೋಚಿಸಿರಿ. ರಾತ್ರಿಯಿಡೀ ಪರವೂರಿನ ಬಯಲಲ್ಲಿ ನಿಂತು ಹಾಡುವ ಹೆಣ್ಣನ್ನು ಹಗಲು ಹೊತ್ತು ಯಾವ ಮನೆಯ ಪಡಸಾಲೆಗೂ ಕರೆಯುತ್ತಿರಲಿಲ್ಲ. ಆಕೆಯ ಹಾಡು ಬೇಕು, ಆಕೆ ಬೇಡ. ಬೆಳಗಾವಿ, ವಿಜಾಪುರ ಸೀಮೆಯಲ್ಲಿ ಹಾಡು ಕುಣಿತಗಳನ್ನು ಬದುಕಿನ ದಾರಿಯಾಗಿ ಹಿಡಿದ ಹೆಣ್ಣುಮಕ್ಕಳಲ್ಲಿ ಬಹುಮಂದಿ ದೇವದಾಸಿ ಮನೆತನಗಳಿಂದ ಬಂದವರು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ, ಆಕೆಯ ಮಕ್ಕಳಿಗೆ ತಂದೆಯ ಹೆಸರಿಲ್ಲ. ಚೌಡಿಕೆಯ ತಂತಿಯನ್ನು ಮೀಟುತ್ತ ಅವರು ಹಾಡಿದ ಪದಗಳನ್ನು ನಮ್ಮ ಸಂಗ್ರಹಕಾರರು ಬರೆದುಕೊಂಡರು, ಬಾನುಲಿಯವರು ಧ್ವನಿಮುದ್ರಿಸಿಕೊಂಡರು. ಹಾಡಿದವಳ ರೇಷನ್ ಚೀಟಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ಯಾರೂ ಕೇಳಲಿಲ್ಲ. ಕಲೆಯನ್ನು ಮೆಚ್ಚುವುದಕ್ಕೂ ಕಲಾವಿದೆಯನ್ನು ಗೌರವಿಸುವುದಕ್ಕೂ ನಡುವೆ ಎಂಥ ಕಂದರವಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನೂನು ಬರದೆ ಇರಲಿಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1934ರಲ್ಲಿಯೇ ದೇವದಾಸಿ ರಕ್ಷಣಾ ಕಾಯ್ದೆ ಬಂದಿತು. ಸ್ವತಂತ್ರ ಭಾರತದಲ್ಲಿ ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಮಾಡಿತು. ಎರಡು ಕಾಯ್ದೆಗಳ ನಡುವೆ ಸುಮಾರು ಅರ್ಧ ಶತಮಾನ ಉರುಳಿದರೂ ಎರಡನೆಯದು ಬೇಕಾಯಿತೆಂದರೆ ಮೊದಲನೆಯದು ಎಷ್ಟು ನಡೆಯಿತೆಂದು ಊಹಿಸಬಹುದು. ಬದಲಾವಣೆ ಬಂದದ್ದು ಆ ಹೆಣ್ಣುಮಕ್ಕಳೇ ಎದ್ದು ನಿಂತಾಗ. ಗೋಕಾಕ ತಾಲ್ಲೂಕಿನ ಘಟಪ್ರಭಾ ಊರಿನಲ್ಲಿ 1997ರಲ್ಲಿ, ಮೈರಾಡ ಸಂಸ್ಥೆಯ ನೆರವಿನಿಂದ, ಮಾಜಿ ದೇವದಾಸಿಯರು ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಜನ ಅದನ್ನು ಚಿಕ್ಕದಾಗಿ ‘ಮಾಸ್’ ಎನ್ನುತ್ತಾರೆ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡವರು. ಅದರಿಂದ ಹೊರಬಂದು, ಈ ಸಂಸ್ಥೆಯ ಮುಂದಾಳಾಗಿ, ಊರೂರು ತಿರುಗಿ ಸಾವಿರಾರು ಹೆಣ್ಣುಮಕ್ಕಳನ್ನು ಸ್ವಸಹಾಯ ಗುಂಪು, ಉಳಿತಾಯ, ಮಕ್ಕಳ ವಿದ್ಯಾಭ್ಯಾಸದ ದಾರಿಗೆ ತಂದರು. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಆ ಪ್ರಶಸ್ತಿಯನ್ನು ಕಂಡಾಗ ನನಗೆ ಕೌಜಲಗಿ ನಿಂಗಮ್ಮನ ನೆನಪಾಯಿತು. ಒಂದು ಕಾಲದಲ್ಲಿ ಹಾಡಿಗೆ ಮಾತ್ರ ಬೇಕಾಗಿದ್ದ ಹೆಣ್ಣು, ತಡವಾಗಿಯಾದರೂ, ಹೆಸರು ಹಿಡಿದು ಕರೆಯಿಸಿಕೊಂಡು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದಳು.

ಇನ್ನು ಮಣ್ಣಿನ ವಿಷಯಕ್ಕೆ ಬರೋಣ. ಗೋಕಾಕದ ಗೊಂಬೆಗಳ ಹೆಸರನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಹಗುರವಾದ ಮೆದುಮರವನ್ನು ಕೆತ್ತಿ, ಬಣ್ಣ ಬಳಿದು ಮಾಡುವ ಜನರ, ಪ್ರಾಣಿಗಳ, ದೇವತೆಗಳ ಬೊಂಬೆಗಳು ಒಂದು ಕಡೆ. ಮಣ್ಣಿನಿಂದ ಮಾಡುವ ಹಣ್ಣು ಕಾಯಿಗಳು ಇನ್ನೊಂದು ಕಡೆ. ತಟ್ಟೆಯಲ್ಲಿಟ್ಟ ಸೀತಾಫಲವನ್ನು ನಿಜವೆಂದು ಬಗೆದು ಕೈಹಾಕಿದ ನೆಂಟರ ಕಥೆ ಗೋಕಾಕದಲ್ಲಿ ಯಾವ ಮನೆಗೆ ಹೋದರೂ ಒಂದಿದೆ. ಜೀನಗಾರ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಸುಬಿದು. ಪ್ಲಾಸ್ಟಿಕ್ ಆಟಿಕೆಗಳು ಸಂತೆಗೆ ಬಂದ ಮೇಲೆ ಈ ಕಸುಬು ಸೊರಗಿತು. ಒಡೆದರೆ ಮಣ್ಣಿಗೆ ಮಣ್ಣಾಗುವ ಗೊಂಬೆಯನ್ನು ಬಿಟ್ಟು, ನೂರು ವರ್ಷ ಕಳೆದರೂ ಕೊಳೆಯದ ಗೊಂಬೆಯನ್ನು ಮಕ್ಕಳ ಕೈಗಿಟ್ಟವರು ನಾವೇ. ಈಗ ಪರಿಸರ ದಿನಾಚರಣೆಯಂದು ಶಾಲೆಯಲ್ಲಿ ಮಕ್ಕಳಿಗೆ ಪ್ಲಾಸ್ಟಿಕ್ಕಿನ ವಿರುದ್ಧ ಘೋಷಣೆ ಹೇಳಿಸುತ್ತೇವೆ. ಘೋಷಣೆಯ ಜೊತೆಗೆ ಒಂದು ಮಣ್ಣಿನ ಹಣ್ಣನ್ನೂ ಕೊಂಡುಕೊಟ್ಟರೆ ಗೋಕಾಕದ ಒಂದು ಮನೆಯ ಒಲೆ ಉರಿದೀತು.

ಮಣ್ಣಿನ ಮೂರ್ತಿಯ ಮಾತು ಬಂದಾಗ ಜೋಕುಮಾರನನ್ನು ಬಿಡಲಾಗದು. ಭಾದ್ರಪದ ಮಾಸದಲ್ಲಿ, ಗಣಪತಿ ಹೋದ ಬೆನ್ನಿಗೆ, ಈ ಸೀಮೆಯ ಹಳ್ಳಿಗಳಲ್ಲಿ ಜೋಕುಮಾರ ಹುಟ್ಟುತ್ತಾನೆ. ಹಸಿಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನೊಡನೆ ಬುಟ್ಟಿಯಲ್ಲಿಟ್ಟುಕೊಂಡು ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಅವನ ಆಯುಷ್ಯ ಏಳೇ ದಿನ. ಜನಪದರ ನಂಬಿಕೆಯಲ್ಲಿ ಒಂದು ಸೊಗಸಾದ ವಿವರವಿದೆ. ಗಣಪತಿ ಭೂಲೋಕಕ್ಕೆ ಬಂದು ಕಡುಬು, ಹೋಳಿಗೆ ಉಂಡು ಹಿಂದಿರುಗಿ, ಜನ ಸುಖವಾಗಿದ್ದಾರೆಂದು ತಂದೆತಾಯಿಗೆ ವರದಿ ಹೇಳುತ್ತಾನಂತೆ. ಜೋಕುಮಾರನು ಬಡವರ ಕೇರಿಗಳಲ್ಲಿ ತಿರುಗಿ, ನುಚ್ಚು ಅಂಬಲಿ ಕಂಡು, ಮಳೆಯಿಲ್ಲದೆ ಬೆಳೆ ಒಣಗಿದ್ದನ್ನು ನೋಡಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಸತ್ಯವನ್ನು ಹೇಳಿದವನಿಗೆ ಭೂಮಿಯಲ್ಲಿ ಸಿಗುವುದು ಅಕಾಲದ ಮರಣ. ಅವನು ಬಿದ್ದ ನೆಲ ಮಾತ್ರ ಹಸಿರಾಗುತ್ತದೆ.

ಈ ಹಾಡುಗಳನ್ನು ಕೇಳುತ್ತ ಬೆಳೆದ ಹುಡುಗನೊಬ್ಬ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿದ್ದ. 1937ರ ಜನವರಿ 2ರಂದು ಕಮ್ಮಾರರ ಮನೆಯಲ್ಲಿ ಹುಟ್ಟಿದವನು. ಓದಿಗೆ ಬಡತನ ಅಡ್ಡಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಚಂದ್ರಶೇಖರ ಕಂಬಾರರ ಹೆಸರನ್ನು ಇಂದು ತಿಳಿಯದ ಕನ್ನಡಿಗರಿಲ್ಲ. 1972ರಲ್ಲಿ ಅವರು ‘ಜೋಕುಮಾರಸ್ವಾಮಿ’ ನಾಟಕವನ್ನು ತಂದರು. ಬಿ.ವಿ. ಕಾರಂತರು ಅದನ್ನು ಬೆಂಗಳೂರಿನ ಬಯಲಿನಲ್ಲಿ ಆಡಿಸಿದರು. ಹಳ್ಳಿಯ ಆಚರಣೆಯನ್ನೇ ಹಿಡಿದು ಕಂಬಾರರು ಕೇಳಿದ ಪ್ರಶ್ನೆ ಒಂದೇ: ನೆಲ ಯಾರದು? ಕಾಗದದಲ್ಲಿ ಹೆಸರಿರುವ ಗೌಡನದೋ, ಬೆವರು ಸುರಿಸಿ ಉತ್ತು ಬಿತ್ತಿದ ಬಸಣ್ಣನದೋ? ಗೌಡನ ಹೊಲದಂತೆ ಅವನ ಮನೆಯೂ ಬಂಜೆಯಾಗಿದೆ. ಬಸಣ್ಣ ಕೊಲೆಯಾಗುತ್ತಾನೆ, ಜೋಕುಮಾರನಂತೆಯೇ. ಈ ನಾಟಕ ಬಂದ ಎರಡು ವರ್ಷಕ್ಕೆ, 1974ರಲ್ಲಿ, ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣಾ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದಿತು. ನಾಟಕದಿಂದ ಕಾನೂನು ಬಂದಿತೆಂದು ನಾನು ಹೇಳಲಾರೆ. ಗೇಣಿದಾರರ ಹೋರಾಟ ಅದಕ್ಕಿಂತ ಎಷ್ಟೋ ಹಿಂದಿನದು. ಆದರೆ ಹೊಲದಲ್ಲಿ ಎದ್ದ ಪ್ರಶ್ನೆಯನ್ನು ರಂಗದ ಮೇಲೆ ತಂದು ಪಟ್ಟಣದ ಜನರೂ ಕೇಳುವಂತೆ ಮಾಡಿದ್ದು ಘಟಪ್ರಭೆಯ ದಂಡೆಯ ಒಬ್ಬ ಕಲಾವಿದ. ಅವರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು. 2021ರಲ್ಲಿ ಪದ್ಮಭೂಷಣವೂ ಬಂದಿತು. ಕಂಬಾರರ ಕಾವ್ಯ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರವೆಂಬ ಊರಿನ ನೆಲ, ಕೆರೆ, ದೇವರುಗಳೆಲ್ಲ ಈ ಸೀಮೆಯವೇ ಎಂಬುದನ್ನು ಇಲ್ಲಿ ಹುಟ್ಟಿದವರು ಓದಿದೊಡನೆ ಗುರುತಿಸುತ್ತಾರೆ.

ಬರಹಗಾರರಲ್ಲಿ ಇನ್ನೂ ಹಲವರಿದ್ದಾರೆ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಕೃಷ್ಣಶರ್ಮರು ‘ಆನಂದಕಂದ’ರಾಗಿ ಹಳ್ಳಿಯ ಹಾಡುಗಳನ್ನು ಕಾಪಾಡಿ ಕೊಟ್ಟರು. ಅದೇ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಕೂಲಿಕಾರರ, ರೈತರ, ಶೋಷಿತ ಹೆಣ್ಣಿನ ಬದುಕನ್ನು ಕಾದಂಬರಿಗಳಿಗೆ ತಂದು, 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇನ್ನು ಹುಕ್ಕೇರಿ ಎಂದೊಡನೆ ‘ಹುಕ್ಕೇರಿ ಬಾಳಪ್ಪ’ ಎಂದು ನೆನೆಯುವ ಓದುಗರಿಗೆ ಒಂದು ಮಾತು: ಸಾವಿರ ಹಾಡುಗಳ ಸರದಾರನೆನಿಸಿದ ಬಾಳಪ್ಪನವರ (1911–1992) ಮನೆತನದ ಹೆಸರು ಹುಕ್ಕೇರಿಯಾದರೂ ಅವರ ಊರು ಸವದತ್ತಿ ತಾಲ್ಲೂಕಿನ ಮುರಗೋಡ. ಸ್ವಾತಂತ್ರ್ಯ ಹೋರಾಟದಲ್ಲಿ, ಏಕೀಕರಣದಲ್ಲಿ, ಆಮೇಲೆ ಊರ ಜನರಿಗೆ ಹೊಸ ವಿಚಾರಗಳನ್ನು ತಿಳಿಸುವಲ್ಲಿ ಅವರ ಕಂಠ ದುಡಿಯಿತು. ಗೀಗೀ ಮೇಳಗಳವರು, ಡೊಳ್ಳಿನ ಪದದವರು ಹೆಸರಿಲ್ಲದೆ ಮಾಡಿದ ಇಂಥ ಕೆಲಸದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಗಿಡ ನೆಡಿರೆಂದು, ಮಕ್ಕಳಿಗೆ ಲಸಿಕೆ ಹಾಕಿಸಿರೆಂದು, ಎಳೆಯರಿಗೆ ಮದುವೆ ಮಾಡಬೇಡಿರೆಂದು ಅವರು ಹಾಡಿದ ಪದಗಳು ಸರ್ಕಾರದ ಕರಪತ್ರಗಳಿಗಿಂತ ದೂರ ಹೋದವು.

ಇಷ್ಟೆಲ್ಲ ಹಾಡಿದ ಮೇಲೂ ನದಿಯ ಸ್ಥಿತಿ ಹೇಗಿದೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಘಟಪ್ರಭೆಗೆ ಧುಪದಾಳದ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಡ್ಡು ಕಟ್ಟಿದರು. ಅದಕ್ಕೆ ಹಿಂದಿನ ಡೋಗಿಬರವೆಂಬ 1876–78ರ ಭೀಕರ ಕ್ಷಾಮವನ್ನು ಕಂಡವರಿಗೆ ಕಾಲುವೆಯ ನೀರು ಸಂಜೀವಿನಿಯಾಗಿತ್ತು. ಆ ಒಡ್ಡಿನ ಹಿನ್ನೀರಿನಲ್ಲಿ ಹಕ್ಕಿಗಳು ನೆಲೆ ಕಂಡುಕೊಂಡವು. 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ಪರದೇಶದ ಕೊಕ್ಕರೆಗಳು ಇಲ್ಲಿಗೆ ಬಂದಿಳಿಯುತ್ತವೆ. ಮುಂದೆ ಹಿಡಕಲ್ ಅಣೆಕಟ್ಟು ಬಂದಿತು. ಹುಕ್ಕೇರಿ ತಾಲ್ಲೂಕಿನ ಎಷ್ಟೋ ಹೊಲಮನೆಗಳು ನೀರಿನ ಕೆಳಗೆ ಹೋದವು. ಜಲಾಶಯದ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆದ್ದು ಕಾಣುತ್ತದೆ, ಮುಳುಗಿದ ಊರಿನ ಜನ ಹೋಗಿ ನೋಡಿ ಬರುತ್ತಾರೆ. ನೀರು ಬಂದಲ್ಲಿ ಕಬ್ಬು ಬಂದಿತು, ಕಬ್ಬು ಬಂದಲ್ಲಿ ಜೋಳ ಹೋಯಿತು. ಜೋಳದ ಜೊತೆಗೆ ಸುಗ್ಗಿಯ ಬಿಡುವೂ ಹೋಯಿತು. ಬಯಲಾಟದ ಕಾಲವೆಂದರೆ ಆ ಬಿಡುವೇ ಅಲ್ಲವೇ? ರಾಶಿ ಮುಗಿದು ಕಣ ಖಾಲಿಯಾದಾಗ ಆಟ ಹಚ್ಚುತ್ತಿದ್ದರು. ಕಬ್ಬಿಗೆ ಬಿಡುವಿಲ್ಲ. ಅತಿ ನೀರು ಹಾಯಿಸಿದ ಹೊಲಗಳು ಸವಳಾದುದನ್ನು ಕೃಷಿ ತಜ್ಞರು ಹೇಳುತ್ತಾರೆ. ಆಟ ನಿಂತುದಕ್ಕೂ ನೆಲ ಸವಳಾದುದಕ್ಕೂ ಒಂದೇ ಕಾರಣವಿರಬಹುದೆಂಬುದನ್ನು ಮಾತ್ರ ನಾನು ಸೇರಿಸಬಯಸುತ್ತೇನೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿತು. ಗೋಕಾಕ ಪಟ್ಟಣದ ತಗ್ಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಸಾವಿರಾರು ಜನ ಗಂಜಿಕೇಂದ್ರಗಳಲ್ಲಿ ದಿನ ಕಳೆದರು. ಅಂಥ ನೀರಿಗೆ ಮನೆ ಕೊಚ್ಚಿಹೋಗುವಾಗ ಮನೆಯಲ್ಲಿದ್ದ ಹಾರ್ಮೋನಿಯಂ, ತಬಲಾ, ಗೆಜ್ಜೆ, ಕೈಬರಹದ ಹಾಡಿನ ಪುಸ್ತಕವೂ ಹೋಗುತ್ತವೆ. ಮನೆಗೆ, ಬೆಳೆಗೆ, ದನಕ್ಕೆ ಪರಿಹಾರದ ದರವಿದೆ. ಅಜ್ಜನ ಕಾಲದ ಹಾಡಿನ ಪುಸ್ತಕಕ್ಕೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ.

ಹಾಗಾದರೆ ಗೌರವಿಸುವುದೆಂದರೆ ಏನು? ಸರ್ಕಾರವು ವೃದ್ಧ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಬಯಲಾಟಕ್ಕೆಂದೇ ಪ್ರತ್ಯೇಕ ಅಕಾಡೆಮಿ ಬಾಗಲಕೋಟೆಯಲ್ಲಿ ಸ್ಥಾಪನೆಯಾಗಿದೆ. ಇವು ಬೇಡವೆನ್ನುವವನು ನಾನಲ್ಲ. ತಿಂಗಳ ಔಷಧಿಗೆ ಆಗುವ ಹಣವನ್ನು ಹೀಗಳೆಯುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಗಿಡಕ್ಕೆ ಹಾರ ಹಾಕಿ ನೀರು ಹಾಕದಿದ್ದರೆ ಏನಾದೀತು? ಆಟವನ್ನು ನೋಡುವವರಿದ್ದರೆ ಮಾತ್ರ ಆಟಗಾರನು ಬದುಕುತ್ತಾನೆ. ಪಾರಿಜಾತವನ್ನು ಎರಡು ಗಂಟೆಗೆ ಇಳಿಸಿ ಪಟ್ಟಣದ ಸಭಾಂಗಣಗಳಲ್ಲಿ ಆಡುವುದುಂಟು. ಅದೂ ಒಳ್ಳೆಯದೇ. ಆದರೂ ಕೊರವಂಜಿ ಬರುವ ಹೊತ್ತಿಗೆ ನಿಜವಾಗಿಯೂ ಇರುಳು ಕಳೆದು, ಪ್ರೇಕ್ಷಕರ ಕಣ್ಣಲ್ಲಿ ನಿದ್ದೆ ತೂಗುತ್ತಿರಬೇಕು. ಆಗ ಆ ನಗೆಗೆ ಬೇರೆಯೇ ಬೆಲೆ.

ನಿಮ್ಮ ಧರ್ಮಕೇಂದ್ರದ ಹಬ್ಬಕ್ಕೆ, ನಿಮ್ಮ ಊರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಈ ಸೀಮೆಯ ಒಂದು ಮೇಳವನ್ನು ಕರೆಸುವುದಾದರೆ ಕೆಲವು ವಿಷಯಗಳು ನಿಮಗೆ ತಿಳಿದಿರಲಿ. ಮೇಳದಲ್ಲಿ ಹಿಮ್ಮೇಳದವರೂ ವೇಷಧಾರಿಗಳೂ ಸೇರಿ ಹತ್ತಾರು ಜನ ಇರುತ್ತಾರೆ. ಅವರಲ್ಲಿ ಬಹುತೇಕರು ಹಗಲು ಹೊಲದಲ್ಲಿ ಕೂಲಿ ಮಾಡುವವರು. ಆಟದ ಮರುದಿನದ ಕೂಲಿಯೂ ಅವರಿಗೆ ನಷ್ಟ. ಸಂಭಾವನೆಯನ್ನು ಗೊತ್ತುಪಡಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊಟವನ್ನು ಆಟಕ್ಕೆ ಮೊದಲೇ ಬಡಿಸಿರಿ, ನಿಮ್ಮ ಪಂಕ್ತಿಯಲ್ಲಿಯೇ ಬಡಿಸಿರಿ. ವೇದಿಕೆ ಎತ್ತರವಾಗಿರಬೇಕಿಲ್ಲ. ಮಕ್ಕಳು ಮುಂದೆ ನೆಲದ ಮೇಲೆ ಕುಳಿತರೆ ಭಾಗವತನು ಅವರನ್ನೂ ಮಾತಿಗೆ ಎಳೆಯುತ್ತಾನೆ. ಶಾಲು ಹೊದಿಸುವುದಿದ್ದರೆ ಆಟ ಮುಗಿದ ಮೇಲೆ ಹೊದಿಸಿರಿ. ಬೆಳಗಿನ ಚಳಿಗೆ ಅದು ಉಪಯೋಗಕ್ಕೂ ಬರುತ್ತದೆ.